ಉಂಡ ನೀರು

ಕಾಯಿಲೆಯ ಸುದ್ದಿಯನ್ನು ನನಗೆ ಮೊದಲು ತಿಳಿಸಿದ್ದು ಚಪ್ಪಲಿ.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲುಗಳಲ್ಲಿ ವಾರ್ಡನ್ ಆಗಿದ್ದವಳು ನಾನು. ಮೊದಲು ಇಂಡಿ, ಆಮೇಲೆ ಮುದ್ದೇಬಿಹಾಳ, ಕೊನೆಗೆ ಬಸವನ ಬಾಗೇವಾಡಿ. ಐದಕ್ಕೆ ಗಂಟೆ, ಐದೂವರೆಗೆ ಪ್ರಾರ್ಥನೆ, ಆರಕ್ಕೆ ಅಂಗಳ ಗುಡಿಸುವುದು. ನಿವೃತ್ತಿಯಾಗಿ ಸಿಂದಗಿಗೆ ಬಂದು ತಂಗಿ ಕಮಲಾಳ ಜೊತೆ ಮನೆ ಮಾಡಿದ ಮೇಲೂ ಐದಕ್ಕೆ ಎಚ್ಚರವಾಗುವುದು ತಪ್ಪಲಿಲ್ಲ. ಆರಕ್ಕೆ ಚಪ್ಪಲಿ ಮೆಟ್ಟಿ ನಡೆಯಲು ಹೋಗುತ್ತಿದ್ದೆ. ಒಂದು ದಿನ ಚಪ್ಪಲಿಯ ಪಟ್ಟಿ ಎಂದಿನ ತೂತಿಗೆ ಬರಲಿಲ್ಲ. ಮುಂದಿನ ತೂತಿಗೆ ಹಾಕಿದೆ. ಎಂಟು ದಿನಕ್ಕೆ ಅದೂ ಸಾಲದೆ ಹೋಯಿತು. ನಾನು ಏನು ಮಾಡಿದೆ? ಒಂದು ಸೈಜು ದೊಡ್ಡ ಚಪ್ಪಲಿ ತಂದೆ.

ಕಮಲಾ ಒಂದು ಸಂಜೆ ನನ್ನ ಪಾದ ಹಿಡಿದು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದಳು. ಕುಳಿ ಹಾಗೆಯೇ ಉಳಿಯಿತು.

"ಅಕ್ಕಾ, ಇದು ಕಾಲಲ್ಲ, ನಾದಿದ ಹಿಟ್ಟು. ನಾಳೆ ದವಾಖಾನಿಗಿ ನಡಿ," ಅಂದಳು.

ವಿಜಯಪುರದ ವೈದ್ಯರು ರಕ್ತದ ರಿಪೋರ್ಟನ್ನು ಎರಡು ಸಲ ಓದಿದರು. ಆಮೇಲೆ ನನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದರು.

"ನಿಮ್ಮ ಜೋಡಿ ಯಾರ ಬಂದಾರ್ರಿ?"

"ನಾನೇ ಬಂದೇನಿ. ನನಗೇ ಹೇಳ್ರಿ."

"ಎರಡೂ ಕಿಡ್ನಿ ಕೆಲಸ ಬಿಟ್ಟಾವ್ರಿ."

ಗೋಡೆಯ ಗಡಿಯಾರ ಹನ್ನೊಂದು ಹತ್ತು ತೋರಿಸುತ್ತಿತ್ತು. ಅದನ್ನು ನೋಡಿದ್ದು ನೆನಪಿದೆ, ಬೇರೆ ಏನೂ ನೆನಪಿಲ್ಲ.

ಬಿ.ಪಿ. ಇದೆ ಎಂದು ಹತ್ತು ವರ್ಷದ ಹಿಂದೆಯೇ ಹೇಳಿದ್ದರು. ತಲೆ ನೋಯಲಿಲ್ಲ, ತಿರುಗಲಿಲ್ಲ. ಏನೂ ಆಗದವಳಿಗೆ ಗುಳಿಗೆ ಯಾಕೆ ಎಂದು ನಾನೇ ಬಿಟ್ಟಿದ್ದೆ. ಶಿಸ್ತಿನ ಮನುಷ್ಯರಿಗೆ ಒಂದು ಕೆಟ್ಟ ಗುಣವಿರುತ್ತದೆ. ತಾವು ಮಾಡಿದ ನಿಯಮಗಳನ್ನು ಜೀವ ಹೋದರೂ ಮುರಿಯುವುದಿಲ್ಲ. ಬೇರೆಯವರು ಹೇಳಿದ್ದನ್ನು ಮಾತ್ರ ಅಳೆದು ತೂಗಿ ನೋಡುತ್ತಾರೆ. ನನ್ನ ಕಿಡ್ನಿಗಳು ಆ ಗುಣಕ್ಕೆ ಹೋದವು.

ಅರವತ್ತೆಂಟು ವಯಸ್ಸು, ಹೃದಯವೂ ಸ್ವಲ್ಪ ದುರ್ಬಲ. ಬೇರೆ ಕಿಡ್ನಿ ಜೋಡಿಸುವ ಮಾತು ಅಲ್ಲಿಗೇ ಮುಗಿಯಿತು. ಉಳಿದದ್ದು ಡಯಾಲಿಸಿಸ್. ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ ಏಳೂವರೆಯಿಂದ ಹನ್ನೊಂದೂವರೆ. ನಮ್ಮ ಸಿಂದಗಿಯಲ್ಲಿಯೇ ಐದು ಹಾಸಿಗೆಯ ಘಟಕ. ಮೊದಲು ಕುತ್ತಿಗೆಯಲ್ಲಿ ನಳಿಕೆ ಹಾಕಿದರು, ಆಮೇಲೆ ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿ, ಸೂಜಿ ಚುಚ್ಚಲು ಫಿಸ್ಟುಲಾ ಮಾಡಿದರು. ಅದರ ಮೇಲೆ ಬೆರಳಿಟ್ಟರೆ ಒಳಗೆ ಜೇನುಹುಳ ಗುಂಯ್ಗುಟ್ಟಿದಂತಾಗುತ್ತದೆ.

ನಿಜ ಹೇಳಬೇಕೆಂದರೆ, ವೇಳಾಪಟ್ಟಿ ನೋಡಿ ನನಗೆ ಸಮಾಧಾನವೇ ಆಯಿತು. ವೇಳೆ ಗೊತ್ತಿರುವ ಕಷ್ಟ ನನಗೆ ಕಷ್ಟವಲ್ಲ. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ಕುಡಿಯಬಾರದು ಎಂದರು. ನಾನು ಅವತ್ತೇ ಒಂದು ರಿಜಿಸ್ಟರು ಹೊಲಿದೆ. ಗಂಟೆ, ಕುಡಿದದ್ದು, ಮಿಲಿ. ಚಹಾ ಬರೆದೆ. ಗುಳಿಗೆ ನುಂಗಿದ ಗುಟುಕು ಬರೆದೆ. ಬಾಯಿ ಮುಕ್ಕಳಿಸುವಾಗ ತಪ್ಪಿ ಒಳಗೆ ಹೋದ ನೀರನ್ನೂ ಅಂದಾಜು ಮಾಡಿ ಬರೆದೆ. ಒಂದು ದಿನವೂ ಏಳುನೂರೈವತ್ತು ದಾಟಲಿಲ್ಲ.

ಪಕ್ಕದ ಹಾಸಿಗೆ ಶಾಂತವ್ವಳದು. ಯಂಕಂಚಿಯ ಅಂಗನವಾಡಿ ಕಾರ್ಯಕರ್ತೆ, ನಲವತ್ತೈದರ ಆಸುಪಾಸು. ಡಯಾಲಿಸಿಸ್ಸಿನಲ್ಲಿ ಅವಳದು ಆರನೆಯ ವರ್ಷ. ಬೆಳಗಿನ ಮೊದಲ ಬಸ್ಸಿಗೆ ಬಂದು, ಸೂಜಿ ಚುಚ್ಚಿಸಿಕೊಂಡು, ಬಲಗೈಯಿಂದ ಫೋನನ್ನು ಟ್ರಾಲಿಯ ಮೇಲೆ ನಿಲ್ಲಿಸಿ, ಕಿವಿಗೆ ಇಯರ್‌ಫೋನು ಹಾಕಿದಳೆಂದರೆ ಅವಳು ಈ ಲೋಕದಲ್ಲಿ ಇಲ್ಲ.

ನಾಲ್ಕು ದಿನ ನೋಡಿದೆ. ಐದನೆಯ ದಿನ ಕೇಳಿದೆ, "ಏನ್ ನೋಡತಿ ಅಷ್ಟು?"

"ಹಡಗ ನೋಡತೇನ್ರಿ ಅಕ್ಕೋರ."

"ಯಾವ ಹಡಗು?"

"ಆಕಾಶದಾಗ ಹೋಗೂದ್ರಿ. ಭೂಮಿ ಬಿಟ್ಟ ಹೊಂಟಾರ. ಯಾವದೋ ಒಂದು ಚುಕ್ಕಿ ಐತ್ರಿ, ಅಲ್ಲಿ ಹೋಗಿ ಇರತಾರಂತ."

ಅದೊಂದು ಪರದೇಶದ ವಿಜ್ಞಾನ ಧಾರಾವಾಹಿ. ಹಿಂದಿಗೆ ಡಬ್ಬಿಂಗ್ ಆಗಿದೆ. ಎಷ್ಟೋ ವರ್ಷದಿಂದ ನಡೆದಿದೆಯಂತೆ. ಅದರ ಇಂಗ್ಲಿಷ್ ಹೆಸರು ಶಾಂತವ್ವಳ ಬಾಯಿಗೆ ಬರುವುದಿಲ್ಲ, ನನಗೆ ಅದು ಬೇಕಾಗಿಯೂ ಇಲ್ಲ. ಅವಳಿಗೆ ಅದು 'ಹಡಗು'. ಹಡಗಿನ ಮುಖ್ಯಸ್ಥೆ 'ಗೌಡ್ತಿ'. ಯಂತ್ರ ನೋಡಿಕೊಳ್ಳುವವನು 'ಮಿಸ್ತ್ರಿ'.

"ಐದ ಎಪಿಸೋಡ್ ಅಂದ್ರ ನಾಕ ತಾಸು ಬರೋಬ್ಬರಿ ಆಗತೈತ್ರಿ. ಗಡಿಯಾರ ನೋಡೂದ ಬ್ಯಾಡ. ಎರಡೂವರಿ ಮುಗದ್ವು ಅಂದ್ರ ಅರ್ಧಾದಾರಿ ಬಂದ್ವಿ ಅಂತ ತಿಳೀತೈತಿ. ತಗೋರಿ, ಒಂದು ಕಿವಿ ನೀವು ಹಾಕ್ಕೋರಿ."

ಬೇರೆಯವರ ಕಿವಿಯಲ್ಲಿದ್ದುದನ್ನು ನಾನು ಹಾಕಿಕೊಳ್ಳುವುದೇ? ಟೆಕ್ನಿಷಿಯನ್ ರೇಣುಕಾಳನ್ನು ಕರೆದು, ಸ್ಪಿರಿಟ್ ಹತ್ತಿಯಿಂದ ಎರಡು ಸಲ ಒರೆಸಿ ಕೊಡು ಎಂದೆ. ರೇಣುಕಾ ನಕ್ಕಳು. ಒರೆಸಿ ಕೊಟ್ಟಳು.

"ಮೊದಲನೇ ಭಾಗದಿಂದ ಹಚ್ಚು. ನಡುವಿನಿಂದ ನೋಡಿದರ ಏನು ತಿಳೀತೈತಿ?" ಅಂದೆ.

"ಈಗ ಹನ್ನೊಂದನೇ ಸೀಜನ್ ನಡದೈತ್ರಿ. ಮೊದಲಿಂದ ಹಚ್ಚಿದ್ರ ನಿಮ್ಮ ಸಲುವಾಗಿ ನಾ ಮತ್ತ ಮೂರ ವರ್ಷ ಹಿಂದ ಹೋಗಬೇಕಾಗತೈತಿ. ಸುಮ್ಮ ನೋಡ್ರಿ. ಮದಿವಿಯಾಗಿ ಗಂಡನ ಮನಿಗಿ ಬಂದಾಕಿಗಿ ಆ ಮನಿ ಕಥಿ ಮೊದಲಿಂದ ಯಾರ ಹೇಳತಾರ್ರಿ?"

ಹೀಗೆ ನಾನು ಹನ್ನೊಂದನೆಯ ಸೀಜನ್ನಿನ ನಾಲ್ಕನೆಯ ಭಾಗದಿಂದ ಹಡಗು ಹತ್ತಿದೆ.

ಮೊದಲ ವಾರ ನನಗೆ ಬರೀ ತಪ್ಪುಗಳೇ ಕಂಡವು. ಅಷ್ಟು ದೊಡ್ಡ ಹಡಗಿನಲ್ಲಿ ಒಬ್ಬರೂ ಕಸ ಗುಡಿಸುವುದಿಲ್ಲ. ಊಟಕ್ಕೆ ಗಂಟೆಯಿಲ್ಲ, ಹಸಿದವರು ಹಸಿದಾಗ ಗೋಡೆಯ ಖಾನೆ ತೆರೆದು ತಿನ್ನುತ್ತಾರೆ. ಎಲ್ಲರಿಗೂ ಒಂದೇ ಸಮವಸ್ತ್ರ, ಒಳ್ಳೆಯದು; ಆದರೆ ಒಂದಕ್ಕೂ ಜೇಬಿಲ್ಲ. ಕರವಸ್ತ್ರ ಎಲ್ಲಿ ಇಟ್ಟುಕೊಳ್ಳುತ್ತಾರೆ? ಒಂದು ಗ್ರಹದ ಪ್ರಾಣಿಯಂತೂ ಬಣ್ಣ ಬಳಿದ ಗೋಣಿಚೀಲದಂತಿತ್ತು. ಅದರ ಹೊಲಿಗೆ ನನಗೆ ಕಾಣಿಸುತ್ತಿತ್ತು. ಮತ್ತೆ, ಸತ್ತವರು ತಿರುಗಿ ಬರುತ್ತಾರೆ. ಎಂಟನೆಯ ಸೀಜನ್ನಿನಲ್ಲಿ ಸತ್ತನೆಂದು ಶಾಂತವ್ವ ಹೇಳಿದ ಮಿಸ್ತ್ರಿ ಇಲ್ಲಿ ನಟ್ಟು ಬಿಗಿಯುತ್ತ ಕೂತಿದ್ದಾನೆ.

"ಇದ್ಯಾವ ಪದ್ಧತಿ? ಹಾಜರಿ ಪುಸ್ತಕದಾಗ ಹೆಸರು ಹೊಡದ ಮ್ಯಾಲ ಮುಗೀತು," ಅಂದೆ.

"ಬಂದ್ರ ಬರಲಿ ಬಿಡ್ರೀ. ಪಾಪ, ಛಲೋ ಮನಶಾ ಅದಾನ."

ಎರಡನೆಯ ವಾರದ ಹೊತ್ತಿಗೆ ಗೋಣಿಚೀಲದ ಪ್ರಾಣಿ ತನ್ನ ಮರಿಯನ್ನು ಕಳೆದುಕೊಂಡಿತು. ಅದು ಕೂಗುತ್ತ ಹುಡುಕುವಾಗ ನನಗೆ ಹೊಲಿಗೆ ಕಾಣಿಸಲಿಲ್ಲ. ಮೂರನೆಯ ವಾರ ರೇಣುಕಾ ಮೆಷಿನ್ ಬಂದ್ ಮಾಡಲು ಬಂದಾಗ, "ತಡಿ, ಗೌಡ್ತಿ ಬಾಗಿಲಾ ತೆಗಿಯಾಕತ್ತಾಳ," ಎಂದವಳು ನಾನು. ಶಾಂತವ್ವ ಅದನ್ನು ಇಡೀ ಘಟಕಕ್ಕೆ ಹೇಳಿ ನಗಿಸಿದಳು.

ಇಷ್ಟರಲ್ಲಿ ಒಂದು ಸಂಗತಿ ಸರಿಬರುತ್ತಿರಲಿಲ್ಲ. ನನ್ನ ತೂಕ.

ಡಯಾಲಿಸಿಸ್ಸಿಗೆ ಮೊದಲು ತೂಗುತ್ತಾರೆ, ಮುಗಿದ ಮೇಲೆ ತೂಗುತ್ತಾರೆ. ಒಂದು ಸರದಿಯಿಂದ ಇನ್ನೊಂದಕ್ಕೆ ಏರುವ ತೂಕವೆಲ್ಲ ಮೈಯಲ್ಲಿ ನಿಂತ ನೀರು. ಎರಡು ಕಿಲೋದೊಳಗೆ ಇರಬೇಕು. ನನ್ನದು ಮೂರು, ಮೂರೂವರೆ, ಒಂದು ಸೋಮವಾರ ನಾಲ್ಕು.

"ಅಕ್ಕೋರ, ನೀರ ಜಾಸ್ತಿ ಆಗಾಕತ್ತೈತ್ರಿ," ಎಂದಳು ರೇಣುಕಾ.

ನಾನು ರಿಜಿಸ್ಟರು ತೆಗೆದು ತೋರಿಸಿದೆ. ಆರುನೂರ ಎಂಬತ್ತು. ಏಳುನೂರು. ಆರುನೂರ ಐವತ್ತು. "ನಿಮ್ಮ ಕಾಟಾ ಕೆಟ್ಟೈತಿ," ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ಸರದಿಗೆ ಐದು ಕಿಲೋ ಅಕ್ಕಿಯ ಸೀಲ್ ಹಾಕಿದ ಚೀಲ ಹೊತ್ತುಕೊಂಡು ಹೋಗಿ ಕಾಟಾದ ಮೇಲಿಟ್ಟೆ. ಐದು ಅಂತಲೇ ತೋರಿಸಿತು. ರೇಣುಕಾ ಚೀಲ ಎತ್ತಿ ಬದಿಗಿಟ್ಟು, "ಈಗ ನೀವು ನಿಂದರ್ರಿ," ಅಂದಳು.

ಅದಾದ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾಳು ಹಸನು ಮಾಡುತ್ತ ಕೂತಿದ್ದೆ. ಉಸಿರು ಅರ್ಧಕ್ಕೆ ನಿಂತಿತು. ಇನ್ನೊಮ್ಮೆ ಎಳೆದೆ. ಅದೂ ಅರ್ಧಕ್ಕೇ. ಮಲಗಿದರೆ ಮುಳುಗಿದಂತೆ, ಎದ್ದು ಕೂತರೆ ಸ್ವಲ್ಪ ದಂಡೆಗೆ ಬಂದಂತೆ.

ನಮ್ಮ ಮನೆಯ ನಡುಮನೆಯಲ್ಲಿ, ಒಣ ನೆಲದ ಮೇಲೆ, ನಾನು ಮುಳುಗುತ್ತಿದ್ದೆ.

ಕಮಲಾ ಓಣಿಯವರನ್ನು ಕೂಗಿ ಕರೆದು ಆಂಬುಲೆನ್ಸ್ ತರಿಸಿದಳು. ಆಕ್ಸಿಜನ್ ಕೊಟ್ಟು, ರಜಾದಿನವಾದರೂ ರೇಣುಕಾಳನ್ನು ಕರೆಸಿ ಮೆಷಿನ್ ಹಚ್ಚಿದರು. ನಾಲ್ಕು ತಾಸಾದ ಮೇಲೆ ಉಸಿರು ಪೂರ್ತಿ ಬಂತು. ಬುಧವಾರ ವಿಜಯಪುರದಿಂದ ಬಂದ ಕಿಡ್ನಿ ತಜ್ಞರು ಹೃದಯದ ಎಕೋ ರಿಪೋರ್ಟು ನೋಡಿ, ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ಶ್ವಾಸಕೋಶದಾಗ ನೀರ ತುಂಬಿತ್ರಿ. ನಿಮ್ಮ ಹಾರ್ಟ್ ಇಂಥಾದ್ದನ್ನ ಭಾಳ ಸಲ ತಡಿಯೂದಿಲ್ಲ. ಇಲ್ಲಿ ಐಸಿಯು ಇಲ್ಲ. ಎರಡ ವಾರ ನೋಡತೇನಿ. ತೂಕ ಎರಡ ಕಿಲೋದೊಳಗ ಬರಲಿಲ್ಲಂದ್ರ ವಿಜಯಪುರಕ್ಕ ಕಳಸಬೇಕಾಗತೈತಿ. ನೀವು ಅಲ್ಲೇ ರೂಮ್ ಮಾಡಿ ಇರಬೇಕು."

"ನನ್ನ ತಂಗಿ?"

ಅವರು ಬಾಗಿಲ ಬಳಿ ಕೂತಿದ್ದ ಕಮಲಾಳ ಕಡೆ ನೋಡಿದರು. ಅವಳ ಎರಡೂ ಮೊಣಕಾಲು ಹೋಗಿವೆ. ನಮ್ಮ ಮನೆಯ ಎರಡು ಮೆಟ್ಟಿಲು ಹತ್ತುವುದಕ್ಕೇ ಗೋಡೆ ಹಿಡಿಯುತ್ತಾಳೆ. ಅಪರಿಚಿತ ಊರಿನ ಮಾಳಿಗೆಯ ರೂಮಿನಲ್ಲಿ ಅವಳು ಇರಲಾರಳು. ಅವಳು ಇಲ್ಲಿ, ನಾನು ಅಲ್ಲಿ. ಅವಳ ಗಂಡ ತೀರಿಕೊಂಡು, ನಾನು ನಿವೃತ್ತಿಯಾಗಿ ಬಂದ ಮೇಲೆ ಎಂಟು ವರ್ಷ ನಾವು ಒಂದೇ ಒಲೆಯ ಅಡುಗೆ ಉಂಡವರು. ಎರಡು ವಾರ, ಆರು ಸರದಿ.

ಶುಕ್ರವಾರ ಮೊದಲನೆಯ ಸರದಿ. ಏರಿದ್ದು ಮೂರು ಕಿಲೋ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ರಿಜಿಸ್ಟರಿನಲ್ಲಿ ಆರುನೂರು ದಾಟಿರಲಿಲ್ಲ, ಆದರೂ ಮೂರು. ನನ್ನ ಮುಖ ನೋಡಿ ಶಾಂತವ್ವ ಇಯರ್‌ಫೋನು ಚಾಚಿದಳು.

ಅಂದಿನ ಭಾಗದಲ್ಲಿ ಹಡಗು ಭಾರವಾಗತೊಡಗಿತ್ತು. ಯಾಕೆಂದು ಯಾರಿಗೂ ತಿಳಿಯದು. ಯಂತ್ರ ಕಾದು ಬಿಸಿಯಾಗುತ್ತಿದೆ, ದಾರಿ ತಿರುಗಿಸಲು ಆಗುತ್ತಿಲ್ಲ. ಉಗ್ರಾಣದ ಮುದುಕಿಯೊಬ್ಬಳನ್ನು ಕರೆಸಿದರು. ಅವಳು ತನ್ನ ಪುಸ್ತಕ ತೆರೆದು ಗೌಡ್ತಿಯ ಮುಖಕ್ಕೆ ಹಿಡಿದಳು. ತೊಟ್ಟಿಯ ನೀರು ಹನಿ ಹನಿಯೂ ಸರಿಯಾಗಿದೆ. ತೂಗುವ ಯಂತ್ರವೇ ಕೆಟ್ಟಿದೆ ಎಂದಳು. ಇಡೀ ಭಾಗ ಇದೇ ಜಗಳ. ಕೊನೆಗೆ ಅಡುಗೆಯವನೊಬ್ಬ ಹೇಳಿದ: ಹಡಗಿನೊಳಗಿನ ತೋಟ ಬೆಳೆದು ಕಾಡಾಗಿದೆ, ಗಿಡಗಳು ದಾರಿಯಲ್ಲಿ ಹಡಗಿಗೆ ತುಂಬಿಕೊಂಡ ಮಂಜುಗಡ್ಡೆಯಿಂದ ನೀರು ಹೀರಿ ಕೂತಿವೆ. ಮುದುಕಿ ಅದನ್ನೆಲ್ಲ 'ಬೆಳೆ' ಎಂದು ಬರೆದಿದ್ದಳು. ನೀರು ಎಂದು ಬರೆದಿರಲಿಲ್ಲ.

ನನಗೆ ಸಿಟ್ಟು ಬಂತು.

"ಇಂಥಾಕಿನ್ನ ನನ್ನ ಹಾಸ್ಟೆಲ್ಲಿನಾಗ ಒಂದು ದಿನ ಇಟಗೋತಿರಲಿಲ್ಲ! ಗಿಡದಾಗ ಇದ್ದದ್ದು ನೀರಲ್ಲೇನು? ಇಷ್ಟು ತಿಳಿಯಂಗಿಲ್ಲ, ಮ್ಯಾಲ ಕಾಟಾ ಕೆಟ್ಟೈತಿ ಅಂತಾಳ!"

ಶಾಂತವ್ವ ಫೋನು ನಿಲ್ಲಿಸಿದಳು. ನನ್ನ ಕಡೆ ಹೊರಳಿದಳು.

"ಅಕ್ಕೋರ, ನಿನ್ನೆ ಎಷ್ಟ ಕುಡದ್ರಿ?"

"ಆರುನೂರು."

"ಉಂಡದ್ದೇನ್ರಿ?"

"ಏನು ಉಣ್ಣತಾರ? ಮುಂಜಾನೆ ನುಚ್ಚು ಮಜ್ಜಿಗಿ. ಮಧ್ಯಾಹ್ನ ಒಂದು ರೊಟ್ಟಿ, ಕಟ್ಟಿನ ಸಾರಿನಾಗ ನೆನಿಸಿಕೊಂಡು. ಸಂಜೀಕ ಮತ್ತ ನುಚ್ಚು ಮಜ್ಜಿಗಿ. ರೊಟ್ಟಿ ಕಡಿಯಾಕ ಹಲ್ಲು ಎಲ್ಲ್ಯದಾವ?"

"ನುಚ್ಚಿನಾಗ ಮಜ್ಜಿಗಿ ಎಷ್ಟ ಹಾಕ್ಕೋತೀರಿ?"

"ಅದನ್ನ್ಯಾಕ ಕೇಳತಿ? ಅದು ಉಣ್ಣೂದು."

ಹೇಳಿ ಮುಗಿಸುವ ಮೊದಲೇ ನನ್ನ ಮಾತು ನನಗೆ ಕೇಳಿಸಿತು.

ಅದು ಉಣ್ಣೂದು.

ನಮ್ಮ ಕಡೆ ನೀರು ಕುಡಿಯುತ್ತಾರೆ, ಚಹಾ ಕುಡಿಯುತ್ತಾರೆ. ನುಚ್ಚು ಮಜ್ಜಿಗೆಯನ್ನು ಯಾರೂ ಕುಡಿಯುವುದಿಲ್ಲ. ಜೋಳದ ನುಚ್ಚನ್ನು ಮೆತ್ತಗೆ ಕುದಿಸಿ, ಗಂಗಾಳಕ್ಕೆ ಹಾಕಿ, ಮೇಲೆ ಮಜ್ಜಿಗೆ ಸುರಿದು, ಕೈಯಿಂದ ಕಲಸಿ, ಸುರ್ ಎಂದು ಎತ್ತಿ ಉಣ್ಣುತ್ತೇವೆ. ಹುಟ್ಟಿದಂದಿನಿಂದ ಉಂಡಿದ್ದೇವೆ. 'ನುಚ್ಚು ಮಜ್ಜಿಗಿ ಕುಡದ್ರೇನು?' ಎಂದು ಒಬ್ಬರಾದರೂ ಕೇಳಿದ್ದನ್ನು ನಾನು ಕೇಳಿಲ್ಲ. ವೈದ್ಯರು ಕುಡಿಯುವುದನ್ನು ಅಳೆಯಿರಿ ಎಂದರು. ನಾನು ರಿಜಿಸ್ಟರಿನಲ್ಲಿ 'ಕುಡಿದದ್ದು' ಎಂದೇ ಬರೆದೆ. ಒಂದು ಕ್ರಿಯಾಪದದ ಹಿಂದೆ ದಿನಕ್ಕೆ ಒಂದು ಲೀಟರು ನೀರು ಅಡಗಿ ಕೂತಿತ್ತು, ನಾನು ಕಾಟಾದ ಮೇಲೆ ಅಕ್ಕಿ ಇಟ್ಟು ನೋಡುತ್ತಿದ್ದೆ.

ಶಾಂತವ್ವ ನಗು ತಡೆಯಲು ಸೆರಗು ಬಾಯಿಗೆ ಇಟ್ಟುಕೊಂಡಳು. ಆಗಲಿಲ್ಲ.

"ಆ ಉಗ್ರಾಣದ ಮುದುಕಿನ್ನ ಈಗರ ಹಾಸ್ಟೆಲ್ಲಿಗಿ ತಗೋತೀರೇನ್ರಿ ಅಕ್ಕೋರ?"

"ಸುಮ್ಮ ಕೂಡು," ಅಂದೆ. ಆಮೇಲೆ ನಾನೂ ನಕ್ಕೆ. ನಕ್ಕರೆ ಸೂಜಿಯ ಕೈ ಅಲುಗುತ್ತದೆಂದು ರೇಣುಕಾ ಇಬ್ಬರಿಗೂ ಬೈದಳು.

ಮನೆಗೆ ಬಂದು ಕಮಲಾಳಿಗೆ ಎಂದಿನಂತೆ ನುಚ್ಚು ಬಡಿಸು ಎಂದೆ. ಬಡಿಸಿದಳು. ನಾನು ಉಣ್ಣಲಿಲ್ಲ. ಗಂಗಾಳದ ಮಜ್ಜಿಗೆಯನ್ನು ಸೋಸಿ ಅಳತೆಯ ಲೋಟಕ್ಕೆ ಹಾಕಿದೆ. ನಾನೂರು ದಾಟಿತು. ನುಚ್ಚು ಕುದಿಯುವಾಗ ಕುಡಿದ ನೀರು ಬೇರೆ. ಇಂಥದ್ದು ದಿನಕ್ಕೆ ಎರಡು ಸಲ, ನಡುವೆ ಸಾರು.

ಕಮಲಾ ಲೋಟವನ್ನೇ ನೋಡುತ್ತಿದ್ದಳು.

"ನೀರ ಕುಡೀಬ್ಯಾಡ ಅಂದಾರ, ಉಣ್ಣಬ್ಯಾಡ ಅಂದಿಲ್ಲಲ್ಲ, ಅಂತ... ಬಾಯಿ ಒಣಗತೈತಿ ಅಂತಿದ್ದಿ. ಎರಡ ಸೌಟ ಜಾಸ್ತೀನ ಹಾಕತಿದ್ದೆ ನಾ. ಉಪ್ಪೂ ಹಾಕತಿದ್ದೆ ರುಚಿಗಿ." ಲೋಟವನ್ನು ದೂರ ಸರಿಸಿದಳು. "ಹಂಗಾರ ಅವತ್ತ ನಿನ್ನ ಎದಿಯಾಗ ನೀರ ತುಂಬಿದಾಕಿ ನಾನ ಏನು?"

ಸಾವಿರಾರು ಹುಡುಗಿಯರನ್ನು ಕಾಯ್ದವಳು ನಾನು. ಅಳುವವರನ್ನು ಸಮಾಧಾನ ಮಾಡುವ ಕೆಲಸ ಯಾವಾಗಲೂ ಅಡುಗೆಯ ಅಕ್ಕನದಾಗಿತ್ತು. ನನಗೆ ಬರುವುದು ತಪ್ಪು ಯಾರದೆಂದು ನಿರ್ಧರಿಸುವುದು ಮಾತ್ರ. ಅದನ್ನೇ ಮಾಡಿದೆ.

"ತಪ್ಪು ನಂದು, ಕಮಲಾ. ಬಡಿಸಿದಾಕಿ ನೀನು. ಬರದಾಕಿ ನಾನು."

ಅವಳು ಕಣ್ಣೊರೆಸಿಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅರವತ್ತ ವರ್ಷದಾಗ ಮೊದಲನೇ ಸಲ ಅಂದಿ ಈ ಮಾತು," ಎಂದಳು.

ಅವತ್ತಿನಿಂದ ರಿಜಿಸ್ಟರಿನಲ್ಲಿ 'ಕುಡಿದದ್ದು' ಹೊಡೆದು 'ಒಳಗೆ ಹೋದದ್ದು' ಎಂದು ಬರೆದೆ. ನುಚ್ಚು ಗಟ್ಟಿಯಾಯಿತು. ಮೇಲೆ ಎರಡು ಚಮಚ ಮೊಸರು, ಉಪ್ಪಿಲ್ಲ. ಸಾರಿನ ಬದಲು ಒಣ ಪಲ್ಯ. ರೊಟ್ಟಿಯ ಬದಲು ಮೆತ್ತನೆಯ ಚಪಾತಿ.

ನೀರಡಿಕೆಯ ಬಗ್ಗೆ ಬರೆಯುವುದು ಕಷ್ಟ. ಹಸಿವೆ ಹೊಟ್ಟೆಯಲ್ಲಿರುತ್ತದೆ, ನೋವು ನೋಯುವ ಜಾಗದಲ್ಲಿರುತ್ತದೆ. ನೀರಡಿಕೆ ಇಡೀ ಮನೆಯಲ್ಲಿ ಇರುತ್ತದೆ. ಬಚ್ಚಲಿನ ನಲ್ಲಿಯಲ್ಲಿ, ಪಕ್ಕದ ಮನೆಯವರು ಅಂಗಳಕ್ಕೆ ಚಿಮುಕಿಸುವ ಸದ್ದಿನಲ್ಲಿ, ಕಮಲಾ ನನ್ನ ಕಣ್ಣು ತಪ್ಪಿಸಿ ಅಡುಗೆಮನೆಯಲ್ಲಿ ಕುಡಿಯುವ ಗುಟುಕಿನಲ್ಲಿ. ಸಂಜೆ ಐದರಿಂದ ಏಳರವರೆಗೆ ತಡೆಯಲು ಆಗುತ್ತಿರಲಿಲ್ಲ. ಆ ಎರಡು ತಾಸು ದಾಟಲು ನಾನು ಕಮಲಾಳಿಗೆ ಹಡಗಿನ ಕಥೆ ಹೇಳತೊಡಗಿದೆ. ಒಂದು ಸರದಿಯಲ್ಲಿ ನೋಡಿದ ಐದು ಭಾಗಗಳನ್ನು ಎರಡು ಸಂಜೆಗೆ ಹಂಚುತ್ತಿದ್ದೆ. ಶಾಂತವ್ವಳ ಹೆಸರುಗಳನ್ನೇ ಇಟ್ಟುಕೊಂಡೆ. ಕಮಲಾ ಟಿ.ವಿ. ನೋಡುವವಳಲ್ಲ. ಆದರೆ ಗೌಡ್ತಿಗೆ ಮಕ್ಕಳೆಷ್ಟು, ಮಿಸ್ತ್ರಿ ಯಾವ ಮಂದಿ, ಆಕಾಶದಲ್ಲಿ ಅಮಾವಾಸ್ಯೆ ಹೇಗೆ ಮಾಡುತ್ತಾರೆ ಎಂದೆಲ್ಲ ಕೇಳುತ್ತಿದ್ದಳು. ಕೆಲವಕ್ಕೆ ಉತ್ತರ ನಾನೇ ಹುಟ್ಟಿಸಿದೆ. ಹೇಳುವಾಗ ಬಾಯಿ ಒಣಗುತ್ತಿತ್ತು, ಆದರೆ ನೀರಿನ ನೆನಪಾಗುತ್ತಿರಲಿಲ್ಲ.

ಆ ಧಾರಾವಾಹಿ ನೋಡದವರು ನಕ್ಕರೆ ನಗಲಿ. ಹೊಸಬಳಾದ ನನ್ನ ಅಭಿಪ್ರಾಯ ಇಷ್ಟು. ಅದರಲ್ಲಿ ವಿಜ್ಞಾನ ಎಷ್ಟು ಸರಿ, ನನಗೆ ಗೊತ್ತಿಲ್ಲ. ಆದರೆ ಗೋಡೆಯಾಚೆ ಗಾಳಿಯಿಲ್ಲದ ಕಡೆ, ಒಂದು ಯಂತ್ರವನ್ನು ನಂಬಿ, ಅಳೆದ ನೀರು ಕುಡಿದು, ಜಗಳವಾಡುತ್ತ, ಒಬ್ಬರಿಗೊಬ್ಬರು ಊಟವಾಯಿತೇ ಎಂದು ಕೇಳುತ್ತ ಹೋಗುವವರನ್ನು ಬರೆದವರು ಯಾರೋ, ಅವರಿಗೆ ಮನುಷ್ಯರು ಗೊತ್ತು. ನಮ್ಮ ಐದು ಹಾಸಿಗೆಯ ಕೋಣೆಯನ್ನು ಅವರು ನೋಡಿಲ್ಲ. ನೋಡಿದ್ದರೂ ಇದಕ್ಕಿಂತ ಬೇರೆ ಬರೆಯುತ್ತಿರಲಿಲ್ಲ.

ಎರಡನೆಯ ಸರದಿಗೆ ಎರಡೂವರೆ ಕಿಲೋ. ಮೂರನೆಯದಕ್ಕೆ ಎರಡು ಕಿಲೋ ಇನ್ನೂರು ಗ್ರಾಂ. ನಾಲ್ಕನೆಯದಕ್ಕೆ ಎರಡು. ಸೋಮವಾರ, ನಡುವೆ ಎರಡು ದಿನ ಬಿಡುವಿರುವ ಕಾರಣ ಎಲ್ಲರಿಗೂ ಏರುವ ದಿನ, ಮತ್ತೆ ಎರಡೂವರೆಗೆ ಹೋಯಿತು. ಆ ಸಂಜೆ ಕಥೆ ಹೇಳಲಿಲ್ಲ. ಬುಧವಾರ ಕೊನೆಯದು. ಕಾಟಾದ ಮೇಲೆ ನಿಂತು ಕಣ್ಣು ಮುಚ್ಚಿಕೊಂಡೆ. ರೇಣುಕಾ ಓದಿದಳು.

"ಒಂದು ಎಂಟುನೂರ್ರಿ ಅಕ್ಕೋರ."

ವೈದ್ಯರು ಆರೂ ಅಂಕಿ ನೋಡಿದರು. ಏನು ಬದಲಾಯಿಸಿದಿರಿ ಎಂದು ಕೇಳಿದರು. ನನ್ನ ತಪ್ಪನ್ನು ನಾನೇ, ಎಲ್ಲರೆದುರಿಗೆ, ಮೊದಲಿನಿಂದ ಹೇಳಿದೆ. ಅವರು ನಗಲಿಲ್ಲ. ರೇಣುಕಾಳ ಕಡೆ ತಿರುಗಿ, "ಇನ್ನ ಮ್ಯಾಲ ಎಷ್ಟ ಕುಡದ್ರಿ ಅಂತ ಅಷ್ಟ ಕೇಳಬ್ಯಾಡವಾ. ಏನ್ ಉಂಡ್ರಿ ಅಂತನೂ ಕೇಳು," ಅಂದರು. ಆಮೇಲೆ ನನಗೆ, "ಸದ್ಯಕ್ಕ ಇಲ್ಲೇ ಇರ್ರಿ. ಸೋಮವಾರದ್ದು ಇನ್ನಾ ಇಳೀಬೇಕು. ಮೂರ ತಿಂಗಳಿಗಿ ಎಕೋ ಮಾಡೂಣು. ಆಮ್ಯಾಲ ನೋಡೂಣು."

ಮೂರು ತಿಂಗಳು. ಅದಕ್ಕಿಂತ ಹೆಚ್ಚಿನದನ್ನು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೃದಯ ಹೊಸದಾಗಿಲ್ಲ. ಕಿಡ್ನಿಗಳು ತಿರುಗಿ ಬರುವವಲ್ಲ. ಆದರೂ ಮನೆಗೆ ಹೋಗುವ ಆಟೋದಲ್ಲಿ ಕಮಲಾ ನನ್ನ ಕೈ ಹಿಡಿದಿದ್ದಳು, ಫಿಸ್ಟುಲಾ ಇಲ್ಲದ ಕೈಯನ್ನು, ಹುಷಾರಾಗಿ.

ಸಂಜೆ ಐದಕ್ಕೆ ಅವಳು ಮೊಣಕಾಲು ಹಿಡಿದುಕೊಂಡು ಬಂದು ನನ್ನ ಎದುರು ಕೂತಳು.

"ಹೇಳು. ಹಡಗ ಎಲ್ಲಿಗಿ ಬಂತು?"

ಹೇಳಿದೆ. ಯಂತ್ರ ತಣ್ಣಗಾಗಿತ್ತು, ದಾರಿ ತಿರುಗಿತ್ತು, ಮಿಸ್ತ್ರಿ ಯಾರನ್ನೋ ಮದುವೆಯಾಗುವವನಿದ್ದ.

"ಅಲ್ಲಾ, ಇಷ್ಟ ವರ್ಷ ಆತು. ಆ ಚುಕ್ಕಿ ಯಾವಾಗ ಮುಟ್ಟತಾರಂತ?"

"ಇನ್ನೂ ಭಾಳ ದೂರ ಐತಿ," ಅಂದೆ.

ಕಮಲಾ ಸೆರಗು ಸರಿಮಾಡಿಕೊಂಡು ಗೋಡೆಗೆ ಒರಗಿದಳು.

"ಇರಲಿ ಬಿಡು," ಅಂದಳು. "ನೀ ಮುಂದ ಹೇಳು."